ತಿಂಗಳಿಗೆ 596 ರೂಪಾಯಿ: ಭೋಸರಿಯ ಒಂದು ಕಾರ್ಖಾನೆ ಆರೋಗ್ಯ ವಿಮೆ ಆರಿಸಿದ ಪ್ರಕರಣ

ಇದು ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ (ಎಂಐಡಿಸಿ) ಇರುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯಲ್ಲಿ ನಡೆದದ್ದು. ವಾಹನಗಳ ಬಿಡಿಭಾಗ ಮಾಡುವ ಕಂಪನಿ. ನಾನು ಅಲ್ಲಿ ಸಂಬಳ ಮತ್ತು ಆಡಳಿತದ ಕೆಲಸ ನೋಡಿಕೊಳ್ಳುತ್ತೇನೆ. ಕಂಪನಿ, ಆಸ್ಪತ್ರೆ, ವಿಮಾ ಕಂಪನಿ ಯಾವುದರ ಹೆಸರೂ ಇಲ್ಲಿಲ್ಲ. ಜನರ ಹೆಸರು ಬದಲಿಸಿದ್ದೇನೆ. ಗುರುತು ಸಿಗದಂತೆ ಮೊತ್ತಗಳನ್ನು ಅಷ್ಟಿಷ್ಟು ಹಿಂದೆಮುಂದೆ ಮಾಡಿದ್ದೇನೆ, ಲೆಕ್ಕದ ಹದ ಮಾತ್ರ ಕೆಡಿಸಿಲ್ಲ. ಯಾರ ಮನೆಯ ವಿಷಯ ಬಂದಿದೆಯೋ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ.

ಬರೆಯಲು ಕಾರಣ ಇದೆ. ಪಿಂಪ್ರಿ-ಚಿಂಚವಾಡ, ಚಾಕಣ, ಹಿಂಜವಡಿಯಲ್ಲಿ ನಮ್ಮವರು ಸಾವಿರಾರು ಜನ ದುಡಿಯುತ್ತಾರೆ. ಪ್ರತಿ ವರ್ಷ ಫೆಬ್ರವರಿ, ಮಾರ್ಚ್ ಬಂದರೆ ಎಷ್ಟೋ ಕಂಪನಿಗಳಲ್ಲಿ ಒಂದೇ ಮಾತು: ವಿಮೆಯ ಖರ್ಚು ಏರಿದೆ, ಏನಾದರೂ ಕಡಿಮೆ ಮಾಡಬೇಕು. ನಾವೂ ಕಡಿಮೆ ಮಾಡಿದೆವು. ತಪ್ಪು ಜಾಗದಲ್ಲಿ ಮಾಡಿದೆವು.

ಮೊದಲು ಏನಿತ್ತು

2023ರ ಆರಂಭದಲ್ಲಿ ನಮ್ಮಲ್ಲಿ 164 ಜನ ಇದ್ದರು. ಅವರಲ್ಲಿ ಮೂರನೇ ಒಂದು ಭಾಗ ಕನ್ನಡದವರು. ಇಂಡಿ, ಸಿಂದಗಿ, ಅಥಣಿ, ಜಮಖಂಡಿ, ಆಳಂದ ಕಡೆಯಿಂದ ಬಂದವರು. ಹೆಂಡತಿ ಮಕ್ಕಳು ಪುಣೆಯಲ್ಲಿ, ತಂದೆ ತಾಯಿ ಊರಲ್ಲಿ. ಆ ಕಡೆ ದೊಡ್ಡ ಕಾಯಿಲೆ ಬಂತು ಅಂದರೆ ಸೊಲ್ಲಾಪುರಕ್ಕೋ ಮೀರಜ್‌ಗೋ ಹೋಗುತ್ತಾರೆ. ಮಗ ಪುಣೆಯಲ್ಲಿ ಇದ್ದರೆ ನೇರ ಪುಣೆಗೇ ಕರೆತರುತ್ತಾರೆ.

164ರಲ್ಲಿ 70 ಜನ ಇಎಸ್‌ಐನಲ್ಲಿ, ಅಂದರೆ ಸರ್ಕಾರದ ಕಾರ್ಮಿಕ ವಿಮಾ ಯೋಜನೆಯಲ್ಲಿ ಇದ್ದರು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದರೆ ಇಎಸ್‌ಐ. ಕಾರ್ಮಿಕನ ಪಾಲು ಸಂಬಳದ ಶೇ. 0.75, ಕಂಪನಿಯ ಪಾಲು ಶೇ. 3.25. ಉಳಿದ 94 ಜನರ ಸಂಬಳ ಅದಕ್ಕಿಂತ ಜಾಸ್ತಿ. ಅವರಿಗೆ ಕಂಪನಿಯೇ ಗ್ರೂಪ್ ಮೆಡಿಕ್ಲೇಮ್ ಪಾಲಿಸಿ ಮಾಡಿಸಿತ್ತು. ಒಂದು ಕುಟುಂಬಕ್ಕೆ ವರ್ಷಕ್ಕೆ 3 ಲಕ್ಷ. ನೌಕರ, ಹೆಂಡತಿ ಅಥವಾ ಗಂಡ, ಇಬ್ಬರು ಮಕ್ಕಳು, ತಂದೆ ತಾಯಿ ಎಲ್ಲರೂ ಆ 3 ಲಕ್ಷದೊಳಗೆ. ಒಟ್ಟು 392 ಜೀವ, ಅದರಲ್ಲಿ 119 ಜನ ನೌಕರರ ತಂದೆ ತಾಯಂದಿರು.

ಗ್ರೂಪ್ ಪಾಲಿಸಿಯ ದೊಡ್ಡ ಲಾಭ ಒಂದಿದೆ. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದರೂ ನಮ್ಮ ಪಾಲಿಸಿಯಲ್ಲಿ ಮೊದಲ ದಿನದಿಂದಲೇ ಹಣ ಸಿಗುತ್ತಿತ್ತು. ಸ್ವಂತ ಪಾಲಿಸಿ ಮಾಡಿಸಿದರೆ ಅದಕ್ಕೆ ವರ್ಷಗಟ್ಟಲೆ ಕಾಯಬೇಕು. ಆದರೆ ಈ ಒಪ್ಪಂದದ ಆಯಸ್ಸು ಒಂದೇ ವರ್ಷ. ವರ್ಷ ಮುಗಿದಾಗ ವಿಮಾ ಕಂಪನಿ ಲೆಕ್ಕ ತೆಗೆಯುತ್ತದೆ: ನಿಮ್ಮಿಂದ ಎಷ್ಟು ಬಂತು, ನಿಮಗೆ ಎಷ್ಟು ಕೊಟ್ಟೆವು. ಕೊಟ್ಟದ್ದು ಹೆಚ್ಚಾಗಿದ್ದರೆ ಮುಂದಿನ ವರ್ಷದ ದರ ಏರುತ್ತದೆ.

ಫೆಬ್ರವರಿ 2023

ಆ ವರ್ಷ ನಾವು ಕಟ್ಟಿದ್ದ ಪ್ರೀಮಿಯಂ 18.2 ಲಕ್ಷ, ಮೇಲೆ ಶೇ. 18 ಜಿಎಸ್‌ಟಿ. ನಮ್ಮವರಿಗೆ ಸಿಕ್ಕ ಕ್ಲೇಮ್ 21.4 ಲಕ್ಷ. ವಿಮಾ ಕಂಪನಿ ಮುಂದಿನ ವರ್ಷಕ್ಕೆ ಕೇಳಿದ್ದು 27.3 ಲಕ್ಷ. ತೆರಿಗೆ ಸೇರಿ 32.2 ಲಕ್ಷ ಆಗುತ್ತಿತ್ತು. ಹಿಂದಿನ ವರ್ಷ ತೆರಿಗೆ ಸೇರಿ 21.5 ಲಕ್ಷ ಕಟ್ಟಿದ್ದೆವು.

ಮಾಲೀಕರು ಕೆಟ್ಟವರಲ್ಲ. ಕೋವಿಡ್ ಸಮಯದಲ್ಲಿ ಒಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ. ಆದರೆ ಆ ವರ್ಷ ಆರ್ಡರ್ ಕಡಿಮೆ ಇತ್ತು. ತೆರಿಗೆ ಸೇರಿ ಇಪ್ಪತ್ತೈದೂವರೆ ಲಕ್ಷದ ಮೇಲೆ ಒಂದು ರೂಪಾಯಿಯೂ ಆಗುವುದಿಲ್ಲ ಅಂದರು.

ಅವರ ಕ್ಯಾಬಿನ್‌ನಲ್ಲಿ ಕೂತವರು ಮೂವರು: ಮಾಲೀಕರು, ವಿಮೆಯ ಬ್ರೋಕರ್, ನಾನು. ಬ್ರೋಕರ್ ಒಂದೊಂದೇ ಷರತ್ತು ಸೇರಿಸುತ್ತಾ ಹೋದರು, ಮೊತ್ತ ಇಳಿಯುತ್ತಾ ಬಂತು. ರೂಮ್ ಬಾಡಿಗೆಗೆ ದಿನಕ್ಕೆ ವಿಮಾ ಮೊತ್ತದ ಶೇ. 1, ಅಂದರೆ 3,000 ರೂಪಾಯಿ ಮಿತಿ. ಐಸಿಯುಗೆ ಶೇ. 2, ಅಂದರೆ 6,000. ತಂದೆ ತಾಯಿಯ ಕ್ಲೇಮ್‌ನಲ್ಲಿ ಶೇ. 20 ಕೋ-ಪೇ, ಅಂದರೆ ಐದರಲ್ಲಿ ಒಂದು ಪಾಲು ಮನೆಯವರದೇ. ಕಣ್ಣಿನ ಪೊರೆ ಆಪರೇಷನ್‌ಗೆ ಬೇರೆ ಮಿತಿ. ಪ್ರೀಮಿಯಂ 21.6 ಲಕ್ಷಕ್ಕೆ ಬಂತು. ತೆರಿಗೆ ಸೇರಿ 25.49 ಲಕ್ಷ. ಮಾಲೀಕರು ಹೇಳಿದ ಗೆರೆಯ ಒಳಗೇ ಇತ್ತು. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಆ ದಿನ ನನಗೆ ಸಮಾಧಾನವೇ ಆಗಿತ್ತು. ಯಾರ ಸಂಬಳದಿಂದಲೂ ಏನೂ ಕಡಿತ ಇಲ್ಲ. ತಂದೆ ತಾಯಿಯನ್ನೂ ಪಟ್ಟಿಯಿಂದ ತೆಗೆದಿಲ್ಲ. ನೋಟಿಸ್ ಬೋರ್ಡ್‌ಗೆ ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಒಂದು ಹಾಳೆ ಅಂಟಿಸಿದೆ. 'ರೂಮ್ ರೆಂಟ್ ಶೇ. 1' ಅಂತ ಬರೆದಿತ್ತು. ಶೇ. 1 ಯಾವುದರದ್ದು, ಅದನ್ನು ಮೀರಿದರೆ ಏನಾಗುತ್ತದೆ ಎಂದು ಬರೆದಿರಲಿಲ್ಲ. ಒಬ್ಬರೂ ಬಂದು ಕೇಳಲಿಲ್ಲ. ಎಲ್ಲರಿಗೂ ಅರ್ಥವಾಗಿದೆ ಅಂದುಕೊಂಡೆ.

ಶಿವಣ್ಣನ ತಂದೆ

ಶಿವಣ್ಣ ನಮ್ಮ ಮಷಿನ್ ಶಾಪ್‌ನ ಶಿಫ್ಟ್ ಸೂಪರ್‌ವೈಸರ್. ಇಂಡಿ ತಾಲ್ಲೂಕಿನವರು. ಅದೇ ಆಗಸ್ಟ್‌ನಲ್ಲಿ ಅವರ ತಂದೆಗೆ ಊರಲ್ಲಿ ಎದೆನೋವು ಬಂತು. ಪಾಲಿಸಿಯ ಪಟ್ಟಿಯಲ್ಲಿ ಅವರ ವಯಸ್ಸು 67. ಮನೆಯವರ ಲೆಕ್ಕದಲ್ಲಿ ಆಗಲೇ 70. ರಾತ್ರಿಯೇ ಗಾಡಿ ಮಾಡಿಕೊಂಡು ಪುಣೆಗೆ ಕರೆತಂದು ಪಿಂಪ್ರಿ-ಚಿಂಚವಾಡದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಎರಡು ಕಡೆ ಬ್ಲಾಕ್. ಎರಡು ಸ್ಟೆಂಟ್ ಹಾಕಿದರು. ಜೀವ ಉಳಿಯಿತು.

ದಾಖಲಾಗುವಾಗ ಕೌಂಟರ್‌ನಲ್ಲಿ ಯಾವ ರೂಮ್ ಬೇಕು ಎಂದು ಕೇಳಿದ್ದಾರೆ. ಜನರಲ್ ವಾರ್ಡ್ ತುಂಬಿದೆ, ಇಬ್ಬರ ರೂಮ್ ಇದೆ, ದಿನಕ್ಕೆ 6,000 ಅಂದಿದ್ದಾರೆ. ಶಿವಣ್ಣ ಸಹಿ ಹಾಕಿದ್ದಾರೆ. ತಂದೆ ಒಳಗೆ ಸ್ಟ್ರೆಚರ್ ಮೇಲೆ ಮಲಗಿರುವಾಗ ಯಾರಾದರೂ ಇನ್ನೇನು ಮಾಡುತ್ತಾರೆ?

ಡಿಸ್ಚಾರ್ಜ್ ದಿನ ಬೆಳಿಗ್ಗೆ 11ಕ್ಕೆ ಡಾಕ್ಟರ್ ಹೋಗಬಹುದು ಅಂದರು. ವಿಮಾ ಕಂಪನಿಯ ಪರವಾಗಿ ಕ್ಲೇಮ್ ನೋಡುವ ಸಂಸ್ಥೆಯ (ಟಿಪಿಎ) ಪತ್ರ ಬಂದದ್ದು ಸಂಜೆ 7ಕ್ಕೆ. ಬಿಲ್ 2,84,000. ವಿಮೆಯಿಂದ ಮಂಜೂರಾದದ್ದು 1,13,200. ಉಳಿದ 1,70,800 ಕಟ್ಟಿ ಕರೆದುಕೊಂಡು ಹೋಗಿ ಅಂದರು. ಶಿವಣ್ಣ ಭಿಶಿ (ಚೀಟಿ ಹಣ) ಎತ್ತಿದರು, ಅವರ ಹೆಂಡತಿಯ ಪಾಟ್ಲಿ (ಚಿನ್ನದ ಬಳೆ) ಅಡವಿಟ್ಟರು, ಉಳಿದದ್ದನ್ನು ತಂಗಿಯ ಗಂಡ ಕೊಟ್ಟರು.

ಮೂರು ದಿನ ಬಿಟ್ಟು ಆ ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತರು. ಸಿಟ್ಟಾಗಿರಲಿಲ್ಲ. 'ಸರ, 3 ಲಕ್ಷದ ವಿಮಾ ಐತಿ ಅಂತೀರಿ, ಬಿಲ್ ಅದರಕಿಂತ ಕಮ್ಮಿನ ಐತಿ. ಮತ್ತ ಇದ್ಯಾಕ್ರೀ ಹಿಂಗ?' ಎಂದು ಕೇಳಿದರು. ಅವರಿಗೆ ಉತ್ತರ ಕೊಡಲು ನಾನು ಪಾಲಿಸಿಯ ಷರತ್ತುಗಳ ಪುಸ್ತಕವನ್ನು ಮೊದಲ ಸಲ ಕೊನೆಯವರೆಗೆ ಓದಿದೆ.

3,000ದ ಮಿತಿ ಇರುವಾಗ 6,000ದ ರೂಮ್ ತೆಗೆದುಕೊಂಡರೆ ಆ ಹೆಚ್ಚುವರಿ 3,000 ಮಾತ್ರ ನಾವು ಕೊಡಬೇಕು ಎಂದು ನಾನೂ ತಿಳಿದಿದ್ದೆ. ಹಾಗಲ್ಲ. ಎಷ್ಟೋ ಆಸ್ಪತ್ರೆಗಳಲ್ಲಿ ಡಾಕ್ಟರ್ ಫೀ, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರ ದರವೂ ರೂಮ್ ನೋಡಿ ಬದಲಾಗುತ್ತದೆ. ಹಾಗಾಗಿ ವಿಮಾ ಕಂಪನಿ ಆ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತದೆ. ರೂಮ್ ಬಾಡಿಗೆ ಮಿತಿಯ ಎರಡು ಪಟ್ಟು ಇದ್ದರೆ ಆ ಖರ್ಚಿನಲ್ಲೂ ಅರ್ಧವೇ ಸಿಗುತ್ತದೆ.

ಆದರೆ ಶಿವಣ್ಣನ ಕಾಗದದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಬಿಲ್ ಹೀಗಿತ್ತು: ಮೂರು ದಿನದ ರೂಮ್ 18,000, ಒಂದು ದಿನದ ಐಸಿಯು 6,000, ಡಾಕ್ಟರ್, ಥಿಯೇಟರ್, ನರ್ಸಿಂಗ್ ಸೇರಿ 96,000, ಸ್ಟೆಂಟ್ 74,000, ಔಷಧಿ ಮತ್ತು ಸಾಮಗ್ರಿ 52,000, ಪರೀಕ್ಷೆಗಳು 31,000, ವಿಮೆಗೆ ಬರದ ಚಿಲ್ಲರೆ 7,000. ಟಿಪಿಎ ಸ್ಟೆಂಟ್, ಔಷಧಿ, ಪರೀಕ್ಷೆ ಎಲ್ಲದರಲ್ಲೂ ಅರ್ಧ ಕತ್ತರಿಸಿತ್ತು. ವಿಮಾ ನಿಯಂತ್ರಕ ಐಆರ್‌ಡಿಎಐ 2020ರಲ್ಲೇ ಈ ಬಗ್ಗೆ ನಿಯಮ ಮಾಡಿದೆ. ಔಷಧಿ, ಸಾಮಗ್ರಿ, ದೇಹದೊಳಗೆ ಇಡುವ ಸಾಧನ, ಪರೀಕ್ಷೆ ಇವುಗಳ ಮೇಲೆ ರೂಮ್ ಲೆಕ್ಕದ ಕಡಿತ ಹಾಕುವ ಹಾಗಿಲ್ಲ. ಸ್ಟೆಂಟ್‌ಗೆ ವಾರ್ಡ್ ಆದರೂ ಅದೇ ಬೆಲೆ, ಒಬ್ಬರ ರೂಮ್ ಆದರೂ ಅದೇ ಬೆಲೆ, ಅಲ್ವಾ? ನಮ್ಮ ಪಾಲಿಸಿಯ ಪುಸ್ತಕದಲ್ಲೂ ಆ ಸಾಲು ಇತ್ತು.

ಬಿಲ್‌ನ ಒಂದೊಂದು ಸಾಲನ್ನೂ ಬೇರೆ ಮಾಡಿ, ಯಾವುದರಲ್ಲಿ ಕಡಿತ ತಪ್ಪು ಎಂದು ಪಕ್ಕದಲ್ಲಿ ಬರೆದು, ವಿಮಾ ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ಟಿಪಿಎಗೆ ಫೋನ್ ಮಾಡುತ್ತಾ ಕೂರಲಿಲ್ಲ. ಆರು ವಾರದಲ್ಲಿ, ಶೇ. 20 ಕೋ-ಪೇ ಕಳೆದು, 62,800 ರೂಪಾಯಿ ಶಿವಣ್ಣನ ಖಾತೆಗೆ ಬಂತು. ಅವರು ಒಪ್ಪದಿದ್ದರೆ ಪುಣೆಯಲ್ಲೇ ಇರುವ, ವಿಮೆಯ ದೂರು ಬಗೆಹರಿಸುವ ಓಂಬುಡ್ಸ್‌ಮನ್ ಕಚೇರಿಗೆ ಹೋಗುವುದು ಎಂದು ನಿರ್ಧರಿಸಿದ್ದೆವು. ಅಲ್ಲಿ ಶುಲ್ಕ ಇಲ್ಲ, ವಕೀಲರೂ ಬೇಡ. ಅಷ್ಟು ದೂರ ಹೋಗಬೇಕಾಗಲಿಲ್ಲ.

ಇಷ್ಟಾದರೂ ಶಿವಣ್ಣನ ಕೈಯಿಂದ 1,08,000 ಹೋಗಿತ್ತು. ಹಳೆಯ ಷರತ್ತುಗಳೇ ಇದ್ದಿದ್ದರೆ 7,000 ಹೋಗುತ್ತಿತ್ತು.

ಒಂದು ಮಾತು

ಹಣ ಬಂದ ದಿನ ಕ್ಯಾಂಟೀನ್‌ನಲ್ಲಿ ಚಹಾ ಕುಡಿಯುತ್ತಾ, ಪ್ರೀಮಿಯಂ ಏರಿದ್ದರಿಂದ ಈ ಷರತ್ತು ಹಾಕಬೇಕಾಯಿತು ಎಂದು ಅವರಿಗೆ ವಿವರಿಸಿದೆ. 'ತಲಿಗೆ ಎಷ್ಟ ಹೆಚ್ಚಾಗತಿತ್ರೀ?' ಅಂದರು. ನನಗೆ ತಟ್ಟನೆ ಹೇಳಲು ಆಗಲಿಲ್ಲ. ಅಲ್ಲೇ ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ. 27.3ಕ್ಕೂ 21.6ಕ್ಕೂ ವ್ಯತ್ಯಾಸ 5.7 ಲಕ್ಷ. ತೆರಿಗೆ ಸೇರಿ 6.73 ಲಕ್ಷ. 94 ಜನಕ್ಕೆ ಹಂಚಿದರೆ ತಿಂಗಳಿಗೆ 596 ರೂಪಾಯಿ.

'ಕೇಳಿದ್ರ ಕೊಡ್ತಿದ್ದೆವಲ್ರೀ ಸರ,' ಅಂದರು ಶಿವಣ್ಣ.

ಈ ಪ್ರಕರಣ ತಿರುಗಿದ್ದು ಅಲ್ಲಿ. ಕ್ಯಾಬಿನ್‌ನ ಆ ನಲವತ್ತು ನಿಮಿಷದಲ್ಲಿ ನಾವು ಮೂವರೂ ಹಾಕಿಕೊಂಡ ಪ್ರಶ್ನೆ ಒಂದೇ: ಯಾವ ಷರತ್ತು ಹಾಕಿದರೆ ಮೊತ್ತ ಇಳಿಯುತ್ತದೆ? ಕೆಲಸಗಾರರು ಸ್ವಲ್ಪ ಹಣ ಹಾಕಲು ತಯಾರಿದ್ದಾರಾ ಎಂದು ಯಾರೂ ಕೇಳಲಿಲ್ಲ. ಅವರು ಒಪ್ಪುವುದಿಲ್ಲ ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು.

ಡಿಸೆಂಬರ್‌ನಲ್ಲಿ ಬ್ರೋಕರ್‌ನಿಂದ ಒಂದು ಪಟ್ಟಿ ತರಿಸಿದೆ. ಹೆಸರು ಬೇಡ, ನೌಕರರ ನಂಬರ್ ಬೇಡ ಎಂದು ಮೊದಲೇ ಹೇಳಿದೆ. ಯಾರಿಗೆ ಏನು ಕಾಯಿಲೆ ಎಂಬುದು ಕಂಪನಿಗೆ ತಿಳಿಯಬೇಕಾಗಿಲ್ಲ. ಸಂಬಂಧ, ವಯಸ್ಸಿನ ಗುಂಪು, ಬಿಲ್ ಎಷ್ಟು, ಸಿಕ್ಕಿದ್ದು ಎಷ್ಟು, ಯಾವ ಕಾರಣಕ್ಕೆ ಕಡಿತ, ಇಷ್ಟು ಸಾಕು. ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ 41 ಕ್ಲೇಮ್ ಆಗಿದ್ದವು. ಅದರಲ್ಲಿ 23 ಮನೆಗಳಿಗೆ ರೂಮ್ ಮಿತಿ ಅಥವಾ ಕೋ-ಪೇ ಪೆಟ್ಟು ಬಿದ್ದಿತ್ತು. ಆ 23 ಮನೆಗಳು ಕೈಯಿಂದ ಹಾಕಿದ್ದು 5.3 ಲಕ್ಷ.

ನಾವು ಇಡೀ ವರ್ಷಕ್ಕೆ ಪ್ರೀಮಿಯಂನಲ್ಲಿ ಉಳಿಸಿದ್ದು 5.7 ಲಕ್ಷ. ಆ ಹಣ ಎಲ್ಲೂ ಉಳಿದಿರಲಿಲ್ಲ. ಕಾಯಿಲೆ ಬಂದ 23 ಮನೆಗಳು ಅದನ್ನು ಕಟ್ಟಿದ್ದವು. ಈ ಎರಡು ಅಂಕಿ ಅಕ್ಕಪಕ್ಕ ಇಟ್ಟು ಮಾಲೀಕರಿಗೆ ತೋರಿಸಿದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಈ ಸಲ ಕ್ಯಾಬಿನ್‌ನಲ್ಲಿ ಬೇಡ, ಕ್ಯಾಂಟೀನ್‌ನಲ್ಲೇ ಕೂಡೋಣ ಅಂದರು.

2024ರ ಆಯ್ಕೆ

ಆರು ಜನರ ಒಂದು ಸಮಿತಿ ಮಾಡಿದೆವು. ಶಿವಣ್ಣ, ಪೇಂಟ್ ಶಾಪ್‌ನ ಒಬ್ಬ ಮಹಿಳೆ, ಟೂಲ್ ರೂಮ್‌ನ ಹಿರಿಯರೊಬ್ಬರು, ಡಿಸೈನ್ ವಿಭಾಗದ ಒಬ್ಬ ಹುಡುಗ, ಮಾಲೀಕರ ಮಗಳು, ನಾನು. ಬ್ರೋಕರ್ ಬಂದು ವಿವರಿಸುತ್ತಿದ್ದರು. ತೀರ್ಮಾನದಲ್ಲಿ ಅವರಿಗೆ ಮತ ಇರಲಿಲ್ಲ.

ಅದೇ ಷರತ್ತುಗಳಲ್ಲಿ ಮುಂದುವರಿದರೆ 22.9 ಲಕ್ಷ ಅಂದರು. ಅದನ್ನು ಹತ್ತು ನಿಮಿಷದಲ್ಲಿ ಬಿಟ್ಟೆವು. ತಂದೆ ತಾಯಿಯನ್ನು ಪೂರ್ತಿ ತೆಗೆದರೆ ಮೊತ್ತ ಅರ್ಧದಷ್ಟು ಇಳಿಯುತ್ತಿತ್ತು. ಯಾಕೆಂದರೆ ಕ್ಲೇಮ್ ಹಣದಲ್ಲಿ ಮೂರರಲ್ಲಿ ಎರಡು ಪಾಲು ಅವರದ್ದೇ. ಆದರೆ ನಮ್ಮವರಿಗೆ ಈ ಪಾಲಿಸಿ ಬೇಕಾಗಿರುವುದೇ ತಂದೆ ತಾಯಿಗಾಗಿ. ಪೇಂಟ್ ಶಾಪ್‌ನ ಅಕ್ಕ 'ಮಗನಿಗೆ ಜ್ವರ ಬಂದರೆ ನಾನೇ ನೋಡಿಕೊಳ್ಳುತ್ತೇನೆ, ಅತ್ತೆ ಬಿದ್ದರೆ ಏನು ಮಾಡಲಿ' ಅಂದರು. ಅವರ ಪತಿ ಇಲ್ಲ. ಅತ್ತೆಯೇ ಅವರಿಗೆ ಎಲ್ಲ. ಅಲ್ಲಿಯವರೆಗೆ ನಮ್ಮ ಪಾಲಿಸಿಯಲ್ಲಿ ಸ್ವಂತ ತಂದೆ ತಾಯಿಗೆ ಮಾತ್ರ ಜಾಗ ಇತ್ತು. ತಂದೆ ತಾಯಿ ಇಲ್ಲವೇ ಅತ್ತೆ ಮಾವ, ಯಾರಾದರೂ ಒಂದು ಜೋಡಿ ಆರಿಸಿಕೊಳ್ಳಬಹುದು ಎಂದು ಬದಲಿಸಿಕೊಂಡದ್ದು ಅವರ ಆ ಮಾತಿನಿಂದಲೇ.

ಮೂರನೇ ದಾರಿ ನೋಡಲು ಚೆನ್ನಾಗಿತ್ತು. ತಂದೆ ತಾಯಿ ಬೇಕಾದವರು ತಮ್ಮ ಹಣ ಕಟ್ಟಿ ಸೇರಿಸಿಕೊಳ್ಳಲಿ, ಬೇಡದವರು ಬಿಡಲಿ. ನ್ಯಾಯ ಅನ್ನಿಸುತ್ತದೆ. ಚೀಟಿ ಹಂಚಿ ಕೇಳಿದೆವು. 94ರಲ್ಲಿ 31 ಜನ ಸೇರುತ್ತೇವೆ ಅಂದರು. ಬಹುತೇಕ ಎಲ್ಲರ ಮನೆಯಲ್ಲೂ ಹೃದಯ, ಕಿಡ್ನಿ, ಸಕ್ಕರೆ ಕಾಯಿಲೆಯ ಹಿರಿಯರಿದ್ದರು. ಗಟ್ಟಿಮುಟ್ಟಾದ ತಂದೆ ತಾಯಿ ಇರುವವರು ಸುಮ್ನೆ ಯಾಕೆ ಎಂದು ಬಿಟ್ಟರು. ವಿಮಾ ಕಂಪನಿ ಇದನ್ನು ಊಹಿಸಿಯೇ ಒಂದು ಜೋಡಿಗೆ ವರ್ಷಕ್ಕೆ 38,000 ಕೇಳಿತ್ತು. ಆ ದರ ನೋಡಿದ ಮೇಲೆ 31 ಜನರಲ್ಲಿ 9 ಜನ ಹಿಂದೆ ಸರಿದರು. ಉಳಿದವರು ಇನ್ನೂ ಹೆಚ್ಚು ಕಾಯಿಲೆಯ ಮನೆಯವರು. ಮುಂದಿನ ವರ್ಷ ದರ ಇನ್ನೂ ಏರುತ್ತದೆ, ಇನ್ನಷ್ಟು ಜನ ಬಿಡುತ್ತಾರೆ. ಮೂರು ವರ್ಷದಲ್ಲಿ ಇದು ತಾನಾಗಿಯೇ ಮುಚ್ಚಿಹೋಗುತ್ತದೆ ಎಂದು ಬ್ರೋಕರ್ ನೇರವಾಗಿ ಹೇಳಿದರು. ಆ ಮಾತಿಗೆ ನಾನು ಅವರಿಗೆ ಋಣಿ.

ನಾವು ಆರಿಸಿದ್ದು ನಾಲ್ಕನೆಯದು. ಎಲ್ಲರ ತಂದೆ ತಾಯಿಯೂ ಒಳಗೆ. ರೂಮ್‌ಗೆ ರೂಪಾಯಿ ಮಿತಿ ತೆಗೆದು 'ಒಬ್ಬರ ಸಾಮಾನ್ಯ ಎಸಿ ರೂಮ್' ಎಂದು ಬರೆಸಿದೆವು. ರೂಪಾಯಿ ಮಿತಿ ಹಾಕಿದರೆ ಆಸ್ಪತ್ರೆ ಪ್ರತಿ ವರ್ಷ ದರ ಏರಿಸಿದಾಗ ಅದು ತಾನಾಗಿಯೇ ಚಿಕ್ಕದಾಗುತ್ತಾ ಹೋಗುತ್ತದೆ. ರೂಮ್‌ನ ಬಗೆ ಬರೆಸಿದರೆ ಹಾಗಾಗುವುದಿಲ್ಲ. ಹಿರಿಯರ ಕೋ-ಪೇ ಶೇ. 20ರಿಂದ 10ಕ್ಕೆ ಇಳಿಯಿತು. 3 ಲಕ್ಷ ಮೀರಿದ ಗಂಭೀರ ಪ್ರಕರಣಗಳಿಗೆ ಎಲ್ಲರಿಗೂ ಸೇರಿ 10 ಲಕ್ಷದ ಒಂದು ಬಫರ್ ಇಟ್ಟೆವು. ಒಟ್ಟು 28.4 ಲಕ್ಷ, ತೆರಿಗೆ ಸೇರಿ 33.5 ಲಕ್ಷ. ಕಂಪನಿ 26 ಲಕ್ಷ ಹಾಕಲು ಒಪ್ಪಿತು. ಉಳಿದ ಏಳೂವರೆ ಲಕ್ಷ ನಮ್ಮ ಸಂಬಳದಿಂದ.

ಅದನ್ನು ಎಲ್ಲರಿಗೂ ಸಮ ಹಂಚಬಾರದು ಎಂದು ಟೂಲ್ ರೂಮ್‌ನ ಹಿರಿಯರು ಪಟ್ಟು ಹಿಡಿದರು. ಅವರದ್ದು ದೊಡ್ಡ ಸಂಬಳ, ಸಮ ಹಂಚಿದ್ದರೆ ಅವರಿಗೇ ಲಾಭ ಇತ್ತು. ಕೊನೆಗೆ ಕಡಿಮೆ ಸಂಬಳದ 52 ಜನರಿಗೆ ತಿಂಗಳಿಗೆ 450, ನಡುವಿನ 30 ಜನರಿಗೆ 800, ಮೇಲಿನ 12 ಜನರಿಗೆ 1,300 ಎಂದಾಯಿತು. ನಾನು ನಡುವಿನ ಗುಂಪಿನಲ್ಲಿ ಇದ್ದೇನೆ.

ಎಲ್ಲರೂ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಡಿಸೈನ್ ವಿಭಾಗದ ಹುಡುಗ ಸಮಿತಿಯಲ್ಲೇ ವಿರೋಧಿಸಿದ. ಅವನ ತಂದೆಗೆ 51 ವರ್ಷ, ತಾಯಿಗೆ 46, ಇಬ್ಬರೂ ಆರೋಗ್ಯವಾಗಿದ್ದಾರೆ. 'ಬೇರೆಯವರ ಆಸ್ಪತ್ರೆ ಖರ್ಚಿಗೆ ನಾನು ಯಾಕೆ ದುಡ್ಡು ಹಾಕಲಿ? ಇನ್ನು ಎರಡು ವರ್ಷಕ್ಕೆ ಈ ಕಂಪನಿಯಲ್ಲೇ ಇರುವುದಿಲ್ಲ,' ಅಂದ. ಅವನ ಮಾತಿನಲ್ಲಿ ನ್ಯಾಯ ಇದೆ. ವಯಸ್ಸಾದಾಗ ನಿನಗೂ ಸಿಗುತ್ತದೆ ಎಂಬ ಭರವಸೆ ಕೆಲಸ ಬದಲಿಸುವ ಹುಡುಗನಿಗೆ ನಿಲ್ಲುವುದಿಲ್ಲ. ನಾವು ಅವನಿಗೆ ಹೇಳಿದ್ದು ಇಷ್ಟೇ: ನೀನು ಹೋಗುವ ಮುಂದಿನ ಕಂಪನಿಯಲ್ಲೂ ಯಾರೋ ನಿನ್ನ ತಂದೆ ತಾಯಿಗಾಗಿ ಹೀಗೇ ಹಾಕಿರಬೇಕಾಗುತ್ತದೆ. 94ರಲ್ಲಿ 87 ಜನ ಒಪ್ಪಿದರು, 7 ಜನ ಒಪ್ಪಲಿಲ್ಲ. ಆಮೇಲೆ ಆ ಏಳರಲ್ಲಿ ಮೂವರು ಸಹಿ ಹಾಕಿದರು. ಬರವಣಿಗೆಯ ಒಪ್ಪಿಗೆ ಇಲ್ಲದೆ ಸಂಬಳ ಕತ್ತರಿಸಲು ನನಗೆ ಮನಸ್ಸಿರಲಿಲ್ಲ. ಉಳಿದ ನಾಲ್ವರ ಪಾಲನ್ನು ಮೊದಲ ವರ್ಷ ಕಂಪನಿಯೇ ಹಾಕಿತು. ಇದು ಸರಿಯಾದದ್ದೇ ಎಂದು ನನಗೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಸಹಿ ಹಾಕಿದ 90 ಜನರಿಗೆ ಅದು ಸಣ್ಣ ಅನ್ಯಾಯವೇ.

ಆಮೇಲೆ

ಆ ವರ್ಷ ಕ್ಲೇಮ್ ಆದದ್ದು 25.1 ಲಕ್ಷ. ರೂಮ್ ಕಾರಣಕ್ಕೆ ಒಂದೇ ಒಂದು ಕಡಿತ ಆಗಲಿಲ್ಲ. ಒಬ್ಬರ ತಾಯಿಗೆ ಮಂಡಿ ಬದಲಿಸುವ ಆಪರೇಷನ್ ಆಯಿತು. ಬಿಲ್ ಎರಡೂವರೆ ಲಕ್ಷ ದಾಟಿತ್ತು, ಕೈಯಿಂದ ಹೋದದ್ದು 30,000ದ ಒಳಗೆ. ನಾಶಿಕ್ ಹೆದ್ದಾರಿಯಲ್ಲಿ ಬೈಕ್ ಅಪಘಾತವಾದ ಒಬ್ಬರಿಗೆ 3 ಲಕ್ಷ ಮೀರಿ ಬಫರ್‌ನಿಂದ 1.4 ಲಕ್ಷ ಸಿಕ್ಕಿತು. 2025ರ ರಿನ್ಯೂವಲ್ 31 ಲಕ್ಷಕ್ಕೆ ಆಯಿತು, ಶೇ. 9ರಷ್ಟು ಹೆಚ್ಚು. ಕಂಪನಿ 28 ಲಕ್ಷ ಹಾಕಿತು. ನಮ್ಮ ಪಾಲು 500, 900, 1,550 ಆಯಿತು. ಈ ಸಲ ಎಲ್ಲರೂ ಸಹಿ ಹಾಕಿದರು, ಆ ಡಿಸೈನ್ ಹುಡುಗನೂ. ಯಾಕೆ ಎಂದು ನಾನು ಕೇಳಲಿಲ್ಲ.

ಹೊರಗೆ ಕೆಲವು ನಿಯಮಗಳೂ ಬದಲಾದವು. 2024ರ ಮೇ ತಿಂಗಳಲ್ಲಿ ಐಆರ್‌ಡಿಎಐ ಹೊರಡಿಸಿದ ಸುತ್ತೋಲೆಯ ಪ್ರಕಾರ, ಕ್ಯಾಶ್‌ಲೆಸ್ (ಆಸ್ಪತ್ರೆಗೆ ವಿಮಾ ಕಂಪನಿಯೇ ನೇರ ಹಣ ಕಟ್ಟುವ) ಕೋರಿಕೆಗೆ ಒಂದು ಗಂಟೆಯಲ್ಲಿ ಮತ್ತು ಡಿಸ್ಚಾರ್ಜ್ ಮಂಜೂರಾತಿಗೆ ಮೂರು ಗಂಟೆಯಲ್ಲಿ ವಿಮಾ ಕಂಪನಿ ಉತ್ತರ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಹಣ ಕೇಳಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು. ನಮ್ಮವರ ಜೇಬಿನಲ್ಲಿರುವ ಕಾರ್ಡ್‌ನಲ್ಲಿ ಈ ಸಾಲು ಈಗ ಕನ್ನಡ, ಮರಾಠಿ, ಹಿಂದಿಯಲ್ಲಿದೆ. ಅದರ ಕೆಳಗೆ ದಾಖಲಾಗುವ ಮೊದಲು ಕೌಂಟರ್‌ನಲ್ಲಿ ಹೇಳಬೇಕಾದ ಒಂದು ವಾಕ್ಯ ಇದೆ: 'ನಮ್ಮ ಪಾಲಿಸಿಯಲ್ಲಿ ಒಬ್ಬರ ಸಾಮಾನ್ಯ ಎಸಿ ರೂಮ್‌ವರೆಗೆ ಇದೆ, ಅದಕ್ಕಿಂತ ಮೇಲಿನದ್ದು ಬೇಡ.'

2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ. ಗ್ರೂಪ್ ಪಾಲಿಸಿಗೆ ಶೇ. 18 ಹಾಗೇ ಇದೆ. ಮರುದಿನವೇ ಹತ್ತಾರು ಜನ ಬಂದು, ಹಾಗಾದರೆ ಗ್ರೂಪ್ ಬಿಟ್ಟು ಸ್ವಂತದ್ದು ಮಾಡಿಸಿದರೆ ಅಗ್ಗ ಅಲ್ವಾ ಎಂದು ಕೇಳಿದರು. ಒಬ್ಬರ 64 ವರ್ಷದ ತಂದೆಗೆ ದರ ತರಿಸಿ ನೋಡಿದೆವು. ತೆರಿಗೆ ಇಲ್ಲದೆಯೂ ಅವರೊಬ್ಬರದ್ದೇ ಪ್ರೀಮಿಯಂ, ಆ ನೌಕರ ಇಡೀ ಕುಟುಂಬಕ್ಕಾಗಿ ವರ್ಷಕ್ಕೆ ಕಟ್ಟುವ ಪಾಲಿನ ಹಲವು ಪಟ್ಟು ಇತ್ತು. ಮೇಲಾಗಿ, ಈಗಾಗಲೇ ಇರುವ ಸಕ್ಕರೆ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. 2024ಕ್ಕೆ ಮೊದಲು ಈ ಮಿತಿ ನಾಲ್ಕು ವರ್ಷ ಇತ್ತು. ಗ್ರೂಪ್ ಬಿಡಬೇಡಿ ಅಂದೆ.

ಅದರ ಜೊತೆಗೇ ಇನ್ನೊಂದನ್ನೂ ಹೇಳಿದೆ. ಕೆಲಸ ಹೋದ ದಿನ ಗ್ರೂಪ್ ಪಾಲಿಸಿಯೂ ಹೋಗುತ್ತದೆ. 40 ದಾಟಿದವರು, ಆರೋಗ್ಯ ಇನ್ನೂ ಚೆನ್ನಾಗಿರುವಾಗಲೇ, ತಮ್ಮ ಹೆಸರಲ್ಲಿ ಒಂದು ಸೂಪರ್ ಟಾಪ್-ಅಪ್ ಇಟ್ಟುಕೊಳ್ಳುವುದು ಒಳ್ಳೆಯದು. ವರ್ಷದ ಒಟ್ಟು ಖರ್ಚು 3 ಲಕ್ಷ ಮೀರಿದ ಮೇಲೆ ಅದು ಕೊಡುತ್ತದೆ, ಹಾಗಾಗಿ ದರ ಕಡಿಮೆ. ಬರೀ ಟಾಪ್-ಅಪ್ ಬೇಡ, ಅದು ಒಂದೊಂದು ಆಸ್ಪತ್ರೆ ಬಿಲ್ಲನ್ನೂ ಬೇರೆ ಬೇರೆಯಾಗಿ 3 ಲಕ್ಷಕ್ಕೆ ಅಳೆಯುತ್ತದೆ. ಎರಡು ಲಕ್ಷದ ಎರಡು ಬಿಲ್ ಬಂದರೆ ಅದರಿಂದ ಏನೂ ಸಿಗುವುದಿಲ್ಲ. 22 ಜನ ಸೂಪರ್ ಟಾಪ್-ಅಪ್ ಮಾಡಿಸಿದ್ದಾರೆ.

ಇನ್ನೂ ಬಿಡಿಸಲಾಗದ ಒಂದು ಗಂಟು ಇಎಸ್‌ಐ ಕಡೆಯದ್ದು. ಸಂಬಳ 21,000 ದಾಟಿದರೆ ಕಾರ್ಮಿಕ ಇಎಸ್‌ಐನಿಂದ ಹೊರಬರುತ್ತಾನೆ. ಅಲ್ಲಿ ಚಿಕಿತ್ಸೆಗೆ 3 ಲಕ್ಷದಂಥ ಮಿತಿ ಇಲ್ಲ, ಅವಲಂಬಿತ ತಂದೆ ತಾಯಿಗೂ ಸಿಗುತ್ತದೆ. ಕಳೆದ ವರ್ಷ ಒಬ್ಬ ಹುಡುಗ ಇನ್ಕ್ರಿಮೆಂಟ್ ಬೇಡ ಅಂದ. ಅವನ ತಾಯಿಗೆ ಡಯಾಲಿಸಿಸ್ ನಡೆಯುತ್ತಿದೆ. ವಾರಕ್ಕೆ ಎರಡು ಸಲ, ವರ್ಷವಿಡೀ ನಡೆದರೆ ನಮ್ಮ 3 ಲಕ್ಷ ಎಲ್ಲಿಗೆ ಸಾಕಾಗುತ್ತದೆ? ಇಎಸ್‌ಐ ಲೆಕ್ಕ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ಆರಾರು ತಿಂಗಳದ್ದು. ಅವಧಿಯ ನಡುವೆ ಸಂಬಳ ಏರಿದರೆ ಆ ಅವಧಿ ಮುಗಿಯುವವರೆಗೆ ಇಎಸ್‌ಐ ಇರುತ್ತದೆ. ಅದಕ್ಕೆ ಈಗ ಇನ್ಕ್ರಿಮೆಂಟನ್ನು ಏಪ್ರಿಲ್ 1ರ ಬದಲು ಮೇ 1ರಿಂದ ಕೊಡುತ್ತೇವೆ, ಒಂದು ತಿಂಗಳ ಬಾಕಿಯನ್ನು ಬೋನಸ್ ಜೊತೆ ಸೇರಿಸುತ್ತೇವೆ. ಇದರಿಂದ ಅವರಿಗೆ ಕೆಲವು ತಿಂಗಳ ಕಾಲಾವಕಾಶ ಸಿಗುತ್ತದೆ. ಆ ಹುಡುಗನ ತಾಯಿಗೆ ಅಷ್ಟು ಸಾಲುವುದಿಲ್ಲ. ಸಮಿತಿಯ ಮುಂದೆ ಅದು ಹಾಗೇ ಇದೆ.

ಶಿವಣ್ಣನ ತಂದೆ ಈಗ ಊರಲ್ಲಿ ದಿನಾ ಬೆಳಿಗ್ಗೆ ಹೊಲದವರೆಗೆ ನಡೆದು ಬರುತ್ತಾರಂತೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ 70 ತುಂಬಿದ ಎಲ್ಲರಿಗೂ ಆಯುಷ್ಮಾನ್ ಯೋಜನೆಯಲ್ಲಿ 5 ಲಕ್ಷದ ಕಾರ್ಡ್ ತಂದಿತು. ಖಾಸಗಿ ವಿಮೆ ಇದ್ದರೂ ಅದು ಸಿಗುತ್ತದೆ. ಪುಣೆ ವಿಳಾಸದ ಆಧಾರ್ ಇರುವ 9 ಜನ ಹಿರಿಯರಿಗೆ ಸಮಿತಿಯೇ ಕೂತು ಮಾಡಿಸಿಕೊಟ್ಟಿದೆ. ಶಿವಣ್ಣನ ತಂದೆಯದ್ದು ಆಗಿಲ್ಲ. ಆಧಾರ್‌ನಲ್ಲಿ ಅವರ ಹುಟ್ಟಿದ ವರ್ಷ ಮೂರು ವರ್ಷ ತಡವಾಗಿ ನಮೂದಾಗಿದೆ, ವಿಳಾಸವೂ ಊರಿನದ್ದು. ತಿದ್ದಿಸಲು ದಾಖಲೆ ಬೇಕು. ಅವರು ಎರಡನೇ ಇಯತ್ತೆವರೆಗೆ ಓದಿದ ಶಾಲೆ ಊರಲ್ಲಿ ಇನ್ನೂ ಇದೆ. ಹಳೆಯ ರಿಜಿಸ್ಟರ್ ಹುಡುಕಲು ಶಿವಣ್ಣ ಈ ವಾರ ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದಾರೆ.